ಹೃದಯದ ಚಿತ್ರ ಬಿಡಿಸಲು ಬರುತ್ತದೆ, ಆದರೆ...

ಕಳೆದ ರಜೆಯಲ್ಲಿ ಸಂಬಂಧಿಕರ ಮದುವೆಯ ಊಟದ ಹಾಲ್‌ನಲ್ಲಿ ನನ್ನ ಮಾಮ ಕುಳಿತಲ್ಲೇ ಕುಸಿದರು. ಯಾರೋ ಮುಖಕ್ಕೆ ನೀರು ಚಿಮುಕಿಸಿದರು. ಇನ್ಯಾರೋ ಫಿಟ್ಸ್ ಇರಬೇಕೆಂದು ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು. ಪ್ರಥಮ ಪಿಯುಸಿಯಲ್ಲಿ ಹೃದಯದ ಚಿತ್ರ ಬಿಡಿಸಿ ಐದಕ್ಕೆ ಐದು ಅಂಕ ಪಡೆದ ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಬಡಿಸುತ್ತಿದ್ದ ನರ್ಸಿಂಗ್ ವಿದ್ಯಾರ್ಥಿಯೊಬ್ಬ ಓಡಿಬಂದು, ಮಾಮನನ್ನು ನೆಲಕ್ಕೆ ಮಲಗಿಸಿ ಎದೆ ಒತ್ತತೊಡಗಿದ. 108 ಬರುವವರೆಗೂ ನಿಲ್ಲಿಸಲಿಲ್ಲ.

ಮೂರನೇ ದಿನ ಮಾಮ ಸರಿಯಾಗಿ ಮಾತನಾಡಿದರು. ಮದುವೆಗೆ ಹೋದದ್ದೇ ನೆನಪಿಲ್ಲ. "ನನ್ನ ಪಕ್ಕೆಗೆ ಹೊಡೆದವರು ಯಾರು?" ಎಂಬುದೇ ಮೊದಲ ಪ್ರಶ್ನೆ. ನೋಡಲು ಬಂದವರೋ, ಇದೇ ರೀತಿ ಯಾರ್‍ಯಾರು ತೀರಿಹೋದರೆಂದು ವಿವರವಾಗಿ ಹೇಳಿ ಹೋಗುತ್ತಿದ್ದರು. ರೋಗಿಯನ್ನು ಸಂದರ್ಶಿಸುವುದು ಸುನ್ನತ್ ಸರಿ, ಹೆದರಿಸಿ ಬರುವುದು ಯಾವ ಸುನ್ನತ್?

ಮಾಮನಿಗೆ ಫುಟ್ಬಾಲ್ ಹುಚ್ಚು. ಹಾಗಾಗಿ ನಾನು ಎರಿಕ್ಸನ್ ಕಥೆ ತೆಗೆದೆ. 2021ರ ಜೂನ್ 12, ಕೋಪನ್‌ಹೇಗನ್‌ನಲ್ಲಿ ಯುರೋ ಕಪ್‌ನ ಡೆನ್ಮಾರ್ಕ್–ಫಿನ್ಲೆಂಡ್ ಪಂದ್ಯ. ಮೊದಲಾರ್ಧ ಮುಗಿಯುವ ಮುನ್ನ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲೇ ಬಿದ್ದರು. ಆಗ ಅವರಿಗೆ 29 ವರ್ಷ. ನಾಯಕ ಸೈಮನ್ ಕೇರ್ ಓಡಿಬಂದರು. ಜೊತೆ ಆಟಗಾರರು ಸುತ್ತ ಗೋಡೆಯಂತೆ ನಿಂತರು. ವೈದ್ಯರು ಎದೆ ಒತ್ತಿ, ಡಿಫಿಬ್ರಿಲೇಟರ್‌ನಿಂದ ಒಂದೇ ಒಂದು ಶಾಕ್ ಕೊಟ್ಟಾಗ ಹೃದಯ ಮತ್ತೆ ಮಿಡಿಯಿತು. ಮೂರು ದಿನದ ಬಳಿಕ ಆಸ್ಪತ್ರೆ ಹಾಸಿಗೆಯಿಂದ ಹೆಬ್ಬೆರಳೆತ್ತಿದ ಫೋಟೋ ಬಂತು. ಎದೆಯೊಳಗೆ ಐಸಿಡಿ ಎಂಬ ಪುಟ್ಟ ಯಂತ್ರ ಅಳವಡಿಸಿಕೊಂಡು ಜೂನ್ 18ರಂದು ಮನೆಗೆ ಹೋದರು. ಆ ಯಂತ್ರದೊಂದಿಗೆ ಆಡಲು ಇಟಲಿಯ ನಿಯಮ ಬಿಡಲಿಲ್ಲ, ಇಂಟರ್ ಮಿಲಾನ್ ತೊರೆಯಬೇಕಾಯಿತು. ಇಂಗ್ಲೆಂಡಿನಲ್ಲಿ ಬ್ರೆಂಟ್‌ಫರ್ಡ್ ಕರೆಯಿತು. 2024ರ ಯುರೋ ಕಪ್‌ನಲ್ಲಿ ಸ್ಲೊವೇನಿಯಾ ವಿರುದ್ಧ ಗೋಲು ಹೊಡೆದರು. ಮಾಮ ಎಲ್ಲ ಕೇಳಿ, "ಅವನಿಗೆ ಇಂಗ್ಲೆಂಡ್ ಇತ್ತು. ನನ್ನ ಆಟೋಗೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಡಾಕ್ಟರ್ ಇನ್ನೂ ಆಟೋ ಓಡಿಸಲು ಬಿಟ್ಟಿಲ್ಲ.

ನಾವು ಎಲ್ಲವನ್ನೂ ಹಾರ್ಟ್ ಅಟ್ಯಾಕ್ ಎಂದುಬಿಡುತ್ತೇವೆ. ಅಟ್ಯಾಕ್‌ನಲ್ಲಿ ಹೃದಯದ ಸ್ನಾಯುವಿಗೆ ಹೋಗುವ ರಕ್ತಕ್ಕೆ ತಡೆ. ಆಗ ಸಾಮಾನ್ಯವಾಗಿ ಮನುಷ್ಯನಿಗೆ ಪ್ರಜ್ಞೆ ಇರುತ್ತದೆ. ಹೃದಯ ಸ್ತಂಭನದಲ್ಲಿ ಹೃದಯ ರಕ್ತ ಪಂಪ್ ಮಾಡುವುದೇ ನಿಲ್ಲುತ್ತದೆ, ಪ್ರಜ್ಞೆ ತಪ್ಪುತ್ತದೆ, ಸರಿಯಾದ ಉಸಿರಾಟ ಇರುವುದಿಲ್ಲ. ಆಗ ನೀರು, ಕೀ ಗೊಂಚಲು ಯಾವುದೂ ಪ್ರಯೋಜನವಿಲ್ಲ. 108ಕ್ಕೆ ಕರೆ ಮಾಡಿಸಿ, ಎದೆಯ ಮಧ್ಯೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತಬೇಕು. ಓದಲು ಸುಲಭ. ಆದರೆ ಒಮ್ಮೆಯೂ ಬೊಂಬೆಯ ಮೇಲೆ ಒತ್ತಿ ನೋಡದವನ ಕೈ ಮನುಷ್ಯನ ಎದೆಯ ಮೇಲೆ ಧೈರ್ಯವಾಗಿ ಇಳಿಯುವುದಿಲ್ಲ. ಪಕ್ಕೆಲುಬು ಮುರಿದೀತೆಂಬ ಭಯ ನನಗೂ ಇರುತ್ತಿತ್ತು. ಮಾಮನದು ಎರಡು ಮುರಿದಿದೆ, ಅವರು ಬದುಕಿದ್ದಾರೆ.

ಆದ್ದರಿಂದ ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಗಿಡ ನೆಡುವುದರ ಜೊತೆಗೆ ಅರ್ಧ ದಿನ ಇದನ್ನೂ ಕಲಿಸಲಿ ಎಂಬುದು ನನ್ನ ಕೋರಿಕೆ. ಕಲಾ, ವಾಣಿಜ್ಯ ವಿಭಾಗದವರಿಗೂ, ಉಪನ್ಯಾಸಕರಿಗೂ, ಆಫೀಸಿನವರಿಗೂ. ಪ್ರಾಂಶುಪಾಲರಿಗೆ ಮನವಿ ಬರೆದಿದ್ದೇನೆ, ಇದುವರೆಗೆ ಹದಿನೇಳು ಸಹಿ ಆಗಿದೆ. ಮಧ್ಯಾಹ್ನದ ವಿರಾಮದಲ್ಲಿ ನಾನು ಲೈಬ್ರರಿ ಬಾಗಿಲಲ್ಲಿ ಇರುತ್ತೇನೆ.