ಗಾಡಿಗೆ ಗೀರು ಬಿತ್ತಂತ ನಾಯಿ ಬಿಟ್ಟು ಬಂದವರಿಗೆ

ಹೋದ ಶುಕ್ರವಾರ ಅರಿಶಿಣ ಕುಂಕುಮಕ್ಕ ಹೋದಾಗ ಒಂದು ಮಾತು ಕಿವಿಗೆ ಬಿತ್ತು. "ಹೊಸಾ ಕಾರಿಗೆ ಬರೇ ಗೀರು ಹಾಕ್ತಿತ್ರೀ, ಅದಕ್ಕ ನಮ್ಮವರು ಕೆಲಗೇರಿ ದಾಟಿ ಬಿಟ್ಟು ಬಂದ್ರು." ಉಳಿದವರು "ಛಲೋ ಆತ್ ಬಿಡ್ರಿ" ಅಂದು ಉಸುಳಿ ತಿಂದ್ರು. ನಾನೂ ಸುಮ್ನ ಬಂದೆ. ಮತ್ತೊಬ್ಬರ ಮನ್ಯಾಗ ಆರತಿ ಹೊತ್ತಿಗೆ ಜಗಳಾ ತಗೀಬಾರದು ಅಂತ. ಮನಿಗೆ ಬಂದ ಮ್ಯಾಲೆ ರಾತ್ರಿ ನಿದ್ದಿ ಬರಲಿಲ್ಲ. ಅದಕ್ಕ ಬರೀಲಿಕ್ಕೆ ಕೂತೀನಿ. ಹೆಸರು ಹೇಳೂದಿಲ್ಲ, ಅವರೂ ಇದನ್ನ ಓದ್ತಾರ.

ಕೊರೊನಾ ಕಾಲದಾಗ ಹುಡುಗರಿಗೆ ಬ್ಯಾಸರ ಅಂತ ಅಂಗೈಯಷ್ಟು ಮರಿ ತಂದಿದ್ರಿ. ಮೊಸರನ್ನ ತಿಂದು, ನಿಮ್ಮ ಬಾಗಿಲಾಗ ಮಲಗಿ ದೊಡ್ಡದಾದದ್ದು. ಅದಕ್ಕ ಬ್ಯಾಟಿ ಆಡಿ ತಿನ್ನೂದು ಗೊತ್ತಿಲ್ಲ. ಅಲ್ಲಿರೋ ನಾಯಿಗಳು ಅದನ್ನ ತಮ್ಮ ಓಣಿಯೊಳಗ ಬಿಟ್ಟುಕೋತಾವೇನು?

ನಾನೇನು ಭಾಳ ಶಾಣ್ಯಾಕಿ ಅಂತ ಹೇಳ್ತಿಲ್ಲ. ನಮ್ಮ ಮಗಾ ಸಾಲಾ ಮಾಡಿ ಕರೀ ಬಣ್ಣದ ಕಾರು ತಂದಾಗ ನಮ್ಮ ರಾಜಾನ್ನ ನಾನೇ ಎಂಟು ದಿನ ಹಿತ್ತಲದಾಗ ಕಟ್ಟಿ ಹಾಕಿದ್ದೆ. ಅದು ಅಳೋದು ಕೇಳಬಾರದಂತ ಅಡಗಿ ಮನ್ಯಾಗ ರೇಡಿಯೋ ಜೋರು ಹಚ್ಚಿದ್ದೆ. ಈಗ ನೆನಸಿದ್ರ ನಾಚಿಕಿ ಬರ್ತದ.

ಒಂಬತ್ತನೇ ದಿನಾ ಬಿಸಿಲಾಗ ಕಾರಿನ ಹತ್ರ ನಿಂತು ಗೀರು ನೋಡಿದೆ. ಬಾನೆಟ್ ಮ್ಯಾಲೆ, ಟಾಪ್ ಮ್ಯಾಲೆ ಜೇಡರಬಲಿ ಹಂಗ ಸಣ್ಣ ಸಣ್ಣ ಸುತ್ತು ಗೆರಿ. ನಾಯಿ ಟಾಪ್ ಮ್ಯಾಲೆ ಹತ್ತಿ ರಂಗೋಲಿ ಹಾಕ್ತದೇನ್ರಿ? ಅವು ನಮ್ಮವೇ ಗೆರಿ. ದಿನಾ ಮುಂಜಾನೆ ನಮ್ಮ ಮನ್ಯವರು ಹಳೇ ಸೀರಿ ಅರಿವಿ ತೊಗೊಂಡು ಒಣಾ ಧೂಳು ಗಸಾಗಸಾ ತಿಕ್ಕತಿದ್ರು. ನಮ್ಮ ಧಾರವಾಡದ ಕೆಂಪು ಧೂಳಿನ್ಯಾಗ ಉಸುಕು ಇರ್ತದ, ಒಣಗಿದ್ದನ್ನ ತಿಕ್ಕಿದ್ರ ಉಸುಕಿನ ಕಾಗದ ಹಚ್ಚಿದಂಗ. ಮೊದಲ ನೀರು ಸುರುವಿ ಧೂಳು ಇಳಿಸಬೇಕು, ಆಮ್ಯಾಲೆ ಮೆತ್ತಗಿನ ಅರಿವಿ. ಕವರ್ ಹಾಕೋವ್ರೂ ಕೇಳ್ರಿ, ಧೂಳು ತುಂಬಿದ ಗಾಡಿ ಮ್ಯಾಲೆ ಕವರ್ ಹಾಕಿದ್ರ ಗಾಳಿಗೆ ಅದು ಅಲ್ಲಾಡಿ ಅದೂ ತಿಕ್ಕತದ.

ಬಾಗಲಾ ಮಾತ್ರ ರಾಜಾನ ಕೆಲಸಾನೇ. ಹಿಡಿಕಿ ಕೆಳಗ ನಾಕು ಉದ್ದ ಗೆರಿ. ಸುಳ್ಳು ಯಾಕ ಹೇಳಲಿ. ಆದ್ರ ಅದನ್ನ ಕಲಿಸಿದವರು ಯಾರು? ನಮ್ಮ ಮಗಾನೇ! ಸಂಜಿಗೆ ಬಂದು ಗಾಡಿ ನಿಲ್ಲಿಸಿ, ಗ್ಲಾಸ್ ಇಳಿಸಿ, "ಬಾ ರಾಜಾ" ಅಂತ ಒಳಗ ಕೂತೇ ಬಿಸ್ಕೀಟು ಕೊಡ್ತಿದ್ದ. ಅದು ಎರಡು ಕಾಲು ಬಾಗಲಕ್ಕ ಕೊಟ್ಟು ನಿಂತು ತಿಂತಿತ್ತು. ಹಳೇ ಗಾಡಿಗೆ ಅದೇ ಲಾಡ, ಹೊಸಾ ಗಾಡಿಗೆ ಅದೇ ಅಪರಾಧ ಆತು. ನಾಯಿಗೆ ಗಾಡಿ ಬದಲಾಗಿದ್ದು ಹೆಂಗ ಗೊತ್ತಾಗಬೇಕು?

ಈಗ ಮಗಾ ಇಳದು, ಬಾಗಲಾ ಹಾಕಿ, ನಾಕು ಹೆಜ್ಜಿ ದೂರ ಬಂದು ನಿಂದರ್ತಾನ. ರಾಜಾ ಕೂತ್ರ ಮಾತ್ರ ಬಿಸ್ಕೀಟು. ಹಾರಿದ್ರ ಬೆನ್ನು ತಿರುಗಿಸೋದು, ಬೈಯೋದಿಲ್ಲ. ಮೂರು ವಾರದಾಗ ಕಲೀತು. ನಮ್ಮ ಮನ್ಯವರು ಒಣಾ ಅರಿವಿ ಬಿಡಲಿಕ್ಕೆ ಅದಕ್ಕಿಂತ ಜಾಸ್ತಿ ದಿನಾ ತೊಗೊಂಡ್ರು, ಆ ಮಾತು ಬ್ಯಾರೆ.

ಉಗುರಿನ ಮಾತು ಯಾರೂ ತಗಿಯೂದಿಲ್ಲ. ಮನಿ ಫರಸಿ ಮ್ಯಾಲೆ ನಾಯಿ ನಡದಾಗ ಟಕಟಕ ಸಪ್ಪಳ ಬಂತಂದ್ರ ಉಗುರು ಬೆಳದಾವ ಅಂತ ತಿಳೀರಿ. ಮೂರ್ನಾಕು ವಾರಕ್ಕೊಮ್ಮೆ ತುದಿ ಕತ್ತರಿಸಬೇಕು. ಒಳಗ ರಕ್ತದ ನರ ಇರ್ತದ, ಬಿಳೀ ಉಗುರಾದ್ರ ಗುಲಾಬಿ ಕಾಣ್ತದ, ಕರೀದಾದ್ರ ಕಾಣೂದಿಲ್ಲ, ಅದಕ್ಕ ಎಳ್ಳಷ್ಟ ಎಳ್ಳಷ್ಟ ತಗೀರಿ. ರಕ್ತ ಬಂದ್ರ ಕಾರ್ನ್‌ಫ್ಲೋರ್ ಹಚ್ಚಿ ಒತ್ತಿ ಹಿಡೀರಿ. ಕತ್ತರಿಸಿದ ಮ್ಯಾಲೆ ಕಾನಸದಿಂದ ಉಜ್ಜಲೇಬೇಕು, ಯಾಕಂದ್ರ ಈಗಷ್ಟ ಕತ್ತರಿಸಿದ ಉಗುರಿನ ಅಂಚು ಭಾಳ ಚೂಪು ಇರ್ತದ. ಧೈರ್ಯ ಇಲ್ಲದವರು ದನದ ದವಾಖಾನಿಗೆ ಹೋಗ್ರಿ. ದಿನಾ ಡಾಂಬರ್ ರಸ್ತೆ ಮ್ಯಾಲೆ ಅಡ್ಡಾಡಿಸಿದ್ರ ಅರ್ಧಾ ಉಗುರು ತಾನೇ ಸವೀತದ. ನಿಮಗೂ ಬಿ.ಪಿ. ಇಳೀತದ.

ಇನ್ನ ಕೆಲವರು ಟೈರಿನ ಸುತ್ತ ನುಸಿ ಗುಳಿಗಿ ಇಡ್ತಾರ, ಖಾರಪುಡಿ ಚೆಲ್ಲತಾರ, ಫಿನಾಯಿಲ್ ಹೊಡೀತಾರ. ದಯಮಾಡಿ ಬ್ಯಾಡ. ಆ ಬಿಳೀ ಗುಳಿಗಿ ನಾಯಿ ನುಂಗಿದ್ರ ರಕ್ತ ಕೆಡ್ತದ, ಜೀವಕ್ಕ ಬರ್ತದ. ಪೆಪ್ಪರಮೆಂಟ್ ಅಂತ ಕೂಸು ಬಾಯಾಗ ಹಾಕ್ಕೊಂಡ್ರೂ ಅಷ್ಟೇ ಅಪಾಯ. ಫಿನಾಯಿಲ್ ತುಳದ ಕಾಲನ್ನ ನಾಯಿ ನೆಕ್ಕತದ. ನೀಲಿ ನೀರಿನ ಬಾಟ್ಲಿ ಇಟ್ಟವರಿಗೆ ನಾ ಏನೂ ಅನ್ನೂದಿಲ್ಲ. ನಮ್ಮ ಓಣ್ಯಾಗ ಒಂದು ನಾಯಿ ಆ ಬಾಟ್ಲಿಗೇ ತಲಿ ಆನಿಸಿ ಮಲಗ್ತದ.

ರೊಕ್ಕದ ಮಾತಿಗೆ ಬರೋಣ. ಗೀರಿಗೆ ನೀರು ಹಚ್ಚಿ ನೋಡ್ರಿ. ಒದ್ದಿ ಇದ್ದಾಗ ಕಾಣದಂಗ ಆದ್ರ ಅದು ಬಣ್ಣದ ಮ್ಯಾಲಿನ ಪಾರದರ್ಶಕ ಪದರಕ್ಕ ಅಷ್ಟೇ ಬಿದ್ದದ, ಪಾಲಿಶ್‌ಗೆ ಹೆಚ್ಚುಕಡಿಮಿ ಹೋಗ್ತದ. ನಿಮ್ಮ ಉಗುರು ಸಿಕ್ಕೊಳ್ಳೋ ಅಷ್ಟು ಆಳ ಇದ್ದು ತಗಡು ಕಂಡ್ರ ಲಗೂ ಬಣ್ಣ ಹಚ್ಚಿಸ್ರಿ, ಜಂಗು ಹಿಡೀತದ. ಭಾಳ ಕಾಳಜಿ ಇದ್ದವರು ಬಾಗಲಕ್ಕಷ್ಟ ದಪ್ಪ ಪಾರದರ್ಶಕ ಫಿಲ್ಮ್ ಹಚ್ಚಿಸ್ರಿ. ಸೆರಾಮಿಕ್ ಕೋಟಿಂಗ್ ಹೊಳಪಿಗೆ ಛಲೋ, ನಾಯಿ ಉಗುರನ್ನ ಅದು ತಡಿಯೂದಿಲ್ಲ. ಇಷ್ಟೆಲ್ಲಾ ದಾರಿ ಇರಬೇಕಾದ್ರ ಜೀವ ಇರೋದನ್ನ ಹೊರಗ ಹಾಕೋ ಹಂತಾದ್ದು ಏನಾಗಿತ್ತು?

"ನಮ್ಮ ನಾಯಿ, ನಮ್ಮ ಇಚ್ಛಾ" ಅಂತಾರ. ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂದಾಗ ಹೊಡಿಯೋದು, ಗಿಡ್ಡ ಸರಪಳಿಗೆ ತಾಸುಗಟ್ಟಲೆ ಕಟ್ಟೋದು, ಹಸಿವಿಯಿಂದ ನರಳೋಹಂಗ ಬಿಟ್ಟು ಬರೋದು ಎಲ್ಲಾ ಅಪರಾಧ. ನಮ್ಮ ಹಿತ್ತಲದ ಆ ಎಂಟು ದಿನಾನೂ ಅದರಾಗ ಬರ್ತಾವ, ಒಪ್ಕೋತೀನಿ.

ವೈನಿ, ಸಿಟ್ಟಾಗಬ್ಯಾಡ್ರಿ. ಸಿಟ್ಟಾದ್ರೂ ಅಡ್ಡಿ ಇಲ್ಲ, ಬಿಟ್ಟ ಜಾಗಾ ಹೇಳ್ರಿ. ರವಿವಾರ ಮುಂಜಾನೆ ಆರಕ್ಕ ನಮ್ಮ ಮಗಾ ಅದೇ ಕರೀ ಕಾರು ತರ್ತಾನ, ಹಿಂದಿನ ಸೀಟಿಗೆ ಹಳೇ ಚಾದರ ಹಾಸೀನಿ. ನೀವು ಅದರ ಪಟ್ಟಿ, ಅದು ಉಣ್ಣೋ ತಾಟು ತೊಗೊಂಡು ಬರ್ರಿ. ನಿಮ್ಮ ದನಿ ಕೇಳಿದ್ರ ಎಲ್ಲಿದ್ರೂ ಓಡಿ ಬರ್ತದ, ನನ್ನ ದನಿಗೆ ಬರೂದಿಲ್ಲ.