ಹಳೆಯ ಮೋಟಾರಿಗೆ ಹೊಸ ಕಿಡಿ

ಹಳೆಯ ಮೋಟಾರು ಗಾಡಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಇಬ್ಬರು ಒಂದೆಡೆ ಸೇರಿದರೆ ಸಾಕು, ಒಂದು ವಾದ ತಲೆಯೆತ್ತುತ್ತದೆ. ಎಂಜಿನಿನ ಪಕ್ಕದಲ್ಲಿರುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ಪಾಯಿಂಟುಗಳನ್ನು ಕಳಚಿ, ಆ ಸ್ಥಳದಲ್ಲಿ ಪುಟ್ಟದೊಂದು ಎಲೆಕ್ಟ್ರಾನಿಕ್ ಸಾಧನವನ್ನು ಕೂರಿಸಬಹುದೆ, ಕೂಡದೆ ಎಂಬುದೇ ಆ ವಾದ. ಒಬ್ಬರು ಅದನ್ನು ಗಾಡಿಗೆ ಮಾಡಿದ ಉಪಕಾರವೆನ್ನುತ್ತಾರೆ; ಇನ್ನೊಬ್ಬರು ಅಪಚಾರವೆನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಇಬ್ಬರೂ ಕೆಲವು ಸಂಗತಿಗಳನ್ನು ಮರೆತೂ ಇದ್ದಾರೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು: ದಿನವೂ ರಸ್ತೆಗಿಳಿಯುವ ಹಳೆಯ ಗಾಡಿಗೆ ಈ ಬದಲಾವಣೆ ಒಪ್ಪುತ್ತದೆ, ವರ್ಷಕ್ಕೆ ಎರಡು ಬಾರಿ ಮೆರವಣಿಗೆಗೆ ಹೊರಡುವ ಗಾಡಿಗೆ ಅದು ಬೇಕಿಲ್ಲ. ಈ ತೀರ್ಮಾನಕ್ಕೆ ನಾವು ಬಂದ ಬಗೆಯನ್ನು ತಿಳಿಯಬೇಕಾದರೆ, ಕಿಡಿ ಹುಟ್ಟುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಪೆಟ್ರೋಲ್ ಎಂಜಿನಿನ ಸಿಲಿಂಡರಿನಲ್ಲಿ ಒತ್ತಿ ಹಿಡಿದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಕಿಡಿ ಸೋಕಿದಾಗ ಅದು ಹೊತ್ತಿಕೊಂಡು ಪಿಸ್ಟನ್ನನ್ನು ತಳ್ಳುತ್ತದೆ. ಈ ಕಿಡಿ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿರುವ ಕಿರಿದಾದ ಸಂದಿಯನ್ನು ಹಾರಿ ದಾಟಬೇಕು. ದಾಟುವುದಕ್ಕೆ ಹತ್ತಿಪ್ಪತ್ತು ಸಾವಿರ ವೋಲ್ಟುಗಳು ಬೇಕು. ಗಾಡಿಯಲ್ಲಿರುವ ಬ್ಯಾಟರಿಯಾದರೋ 12 ವೋಲ್ಟಿನದು. ಹನ್ನೆರಡನ್ನು ಹದಿನೈದು ಸಾವಿರವಾಗಿಸುವ ಉಪಾಯಕ್ಕೆ ಮೂಲ, 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ ಪ್ರೇರಣೆ. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತುಗಳು, ಕೂದಲಿನಂತೆ ಸಣ್ಣದಾದ ತಂತಿಯ ಹಲವು ಸಾವಿರ ಸುತ್ತುಗಳು: ಇದೇ ಇಗ್ನಿಷನ್ ಕಾಯಿಲ್. ದಪ್ಪ ತಂತಿಯಲ್ಲಿ ಬ್ಯಾಟರಿಯ ಪ್ರವಾಹ ಹರಿದಾಗ ತಿರುಳು ಅಯಸ್ಕಾಂತವಾಗುತ್ತದೆ. ಆ ಪ್ರವಾಹವನ್ನು ಥಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತದೆ. ಕುಸಿತ ಎಷ್ಟು ಬೇಗನೆ ಆಗುವುದೋ, ಸಣ್ಣ ತಂತಿಯಲ್ಲಿ ಅಷ್ಟು ಹೆಚ್ಚಿನ ವೋಲ್ಟೇಜು ಏಳುತ್ತದೆ.

ಪ್ರವಾಹವನ್ನು ತಕ್ಕ ಕ್ಷಣದಲ್ಲಿ ಕಡಿಯುವುದೇ ಪಾಯಿಂಟುಗಳ ಕೆಲಸ. ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಇದು ‘ಸಿ.ಬಿ. ಪಾಯಿಂಟ್’. ಟಂಗ್‌ಸ್ಟನ್ ಲೋಹದ ಎರಡು ಪುಟ್ಟ ಬಿಲ್ಲೆಗಳಲ್ಲಿ ಒಂದು ಸ್ಥಿರವಾಗಿರುತ್ತದೆ. ಇನ್ನೊಂದು ಸ್ಪ್ರಿಂಗು ಅದುಮಿರುವ ತೋಳಿನ ತುದಿಯಲ್ಲಿರುತ್ತದೆ. ನಡುವೆ ತಿರುಗುವ ದಂಡದ ಮೇಲೆ ನಾಲ್ಕು ಉಬ್ಬುಗಳುಳ್ಳ ಕ್ಯಾಮ್ ಇದೆ. ಉಬ್ಬು ಬಂದು ತೋಳಿನ ಹಿಮ್ಮಡಿಯನ್ನು ತಳ್ಳಿದೊಡನೆ ಬಿಲ್ಲೆಗಳು ಬೇರೆಯಾಗುತ್ತವೆ. ಅಂಬಾಸಡರ್ ಬಗೆಯ ಗಾಡಿಗಳಲ್ಲಿ ಹೀಗೆ ತೆರೆಯುವ ಅಂತರ ಸುಮಾರು 0.38 ಮಿಲಿಮೀಟರು ಮಾತ್ರ. ಪಕ್ಕದಲ್ಲಿ ಬೆರಳಿನ ತುದಿಯಷ್ಟು ಗಾತ್ರದ ಕಂಡೆನ್ಸರು ಕುಳಿತಿರುತ್ತದೆ. ಅದಿಲ್ಲದಿದ್ದರೆ ಪಾಯಿಂಟುಗಳ ನಡುವೆಯೇ ಕಿಡಿ ಹಾರಿ, ಪ್ರವಾಹ ಮೆಲ್ಲಗೆ ಇಳಿದು, ಪ್ಲಗ್ಗಿಗೆ ಏನೂ ಉಳಿಯುತ್ತಿರಲಿಲ್ಲ.

ಈ ಏರ್ಪಾಡನ್ನು ಬಳಕೆಗೆ ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ನಗದು ಎಣಿಸುವ ಯಂತ್ರಗಳ ಕಾರ್ಖಾನೆಯಲ್ಲಿ ಎಂಜಿನಿಯರನಾಗಿದ್ದ ಈತ, ಡೇಟನ್ ನಗರದಲ್ಲಿ ಗೆಳೆಯನೊಬ್ಬನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಬಿಡುವಿನ ವೇಳೆ ಕುಳಿತು ಇದನ್ನು ಸಿದ್ಧಪಡಿಸಿದ. 1910ರ ಕ್ಯಾಡಿಲಾಕ್ ಗಾಡಿಗಳಲ್ಲಿ ಅದು ಮೊದಲು ಬಂದಿತು. ಅವನ ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಡೆಲ್ಕೊ’ ಎಂದಾಗುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಡಿಸ್ಟ್ರಿಬ್ಯೂಟರಿಗೆ ಇಂದಿಗೂ ಅದೇ ಹೆಸರು. ಮೂಲವಸ್ತುವೆಂದು ಪಾಯಿಂಟುಗಳಿಗೆ ಕೈಮುಗಿಯುವವರು ಒಂದು ಸಂಗತಿಯನ್ನು ನೆನಪಿಡಬೇಕು. ಅದೂ ಒಂದು ಕಾಲದಲ್ಲಿ ಮ್ಯಾಗ್ನೆಟೊ ಮತ್ತು ನಡುಗುವ ಕಾಯಿಲ್‌ಗಳನ್ನು ಓಡಿಸಲು ಬಂದ ಹೊಸಬನೇ ಆಗಿತ್ತು.

ಇನ್ನು ಪಾಯಿಂಟುಗಳ ದೋಷ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3,000 ಬಾರಿ ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಬೇಕು. ಅಂದರೆ ಪಾಯಿಂಟು ಗಂಟೆಗೆ 3,60,000 ಬಾರಿ ತೆರೆದು ಮುಚ್ಚಬೇಕು. ಪ್ರತಿಯೊಂದು ಸಲವೂ ಲೋಹದ ಕಣಗಳು ಒಂದು ಬಿಲ್ಲೆಯಿಂದ ಕಿತ್ತು ಇನ್ನೊಂದರ ಮೇಲೆ ಕೂರುತ್ತವೆ. ಕಾಲಕ್ರಮದಲ್ಲಿ ಒಂದರಲ್ಲಿ ಕುಳಿ, ಇನ್ನೊಂದರಲ್ಲಿ ಗುಬುಟು. ಅತ್ತ ತೋಳಿನ ಹಿಮ್ಮಡಿಯೂ ಸವೆಯುತ್ತದೆ. ಸವೆದಷ್ಟೂ ಅಂತರ ಕಿರಿದಾಗಿ ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಎಂಜಿನಿನ ಬಲ ಕುಗ್ಗಿ, ಪೆಟ್ರೋಲು ವ್ಯರ್ಥವಾಗುವುದು ಹೀಗೆ. ಡಿಸ್ಟ್ರಿಬ್ಯೂಟರಿನ ದಂಡವನ್ನು ಹಿಡಿದಿರುವ ಬುಷ್ಷು ಸವೆದು ದಂಡ ಅಲುಗಾಡತೊಡಗಿದರಂತೂ ನಾಲ್ಕು ಉಬ್ಬುಗಳಿಗೆ ನಾಲ್ಕು ಬಗೆಯ ಅಂತರ. ಹಳೆಯ ಗಾಡಿಗಳಲ್ಲಿ ಈ ರೋಗ ಬಹಳ ಸಾಮಾನ್ಯ.

ಎಲೆಕ್ಟ್ರಾನಿಕ್ ಸಾಧನ ಮಾಡುವುದಿಷ್ಟೇ: ಲೋಹದ ಬಿಲ್ಲೆಗಳ ಬದಲು ಟ್ರಾನ್ಸಿಸ್ಟರಿನಿಂದ ಪ್ರವಾಹವನ್ನು ಕಡಿಯುತ್ತದೆ. ಯಾವಾಗ ಕಡಿಯಬೇಕೆಂಬುದನ್ನು ತಿಳಿಯಲು ಒಂದು ಬಗೆಯ ಸಾಧನಗಳಲ್ಲಿ ದಂಡಕ್ಕೆ ಪುಟ್ಟ ಅಯಸ್ಕಾಂತಗಳ ಬಳೆಯನ್ನು ತೊಡಿಸುತ್ತಾರೆ. ಪ್ರವಾಹ ಹರಿಯುತ್ತಿರುವ ತೆಳು ಹಾಳೆಯನ್ನು ಕಾಂತಕ್ಷೇತ್ರದಲ್ಲಿಟ್ಟರೆ ಅದರ ಅಂಚುಗಳ ನಡುವೆ ಅಡ್ಡವಾಗಿ ಸಣ್ಣ ವೋಲ್ಟೇಜು ತೋರುತ್ತದೆಂಬುದನ್ನು ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ 1879ರಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ, ಚಿನ್ನದ ತೆಳು ರೇಕನ್ನು ಬಳಸಿ ತೋರಿಸಿಕೊಟ್ಟ. ಮೋಟಾರು ಗಾಡಿಯೇ ಇಲ್ಲದ ಕಾಲದ ಆ ಪರಿಣಾಮ ಈಗ ಡಿಸ್ಟ್ರಿಬ್ಯೂಟರಿನೊಳಗೆ ಕುಳಿತು, ಪ್ರತಿ ಅಯಸ್ಕಾಂತ ಹಾದುಹೋಗುವುದನ್ನೂ ಎಣಿಸುತ್ತದೆ. ಇನ್ನೊಂದು ಬಗೆಯಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಕಿರಣವನ್ನು ಸೀಳುಗಳುಳ್ಳ ಬಿಲ್ಲೆ ತಡೆದು ಬಿಡುತ್ತದೆ. ಯಾವುದರಲ್ಲೂ ಉಜ್ಜಾಟವಿಲ್ಲ; ಆದುದರಿಂದ ಸವೆತವಿಲ್ಲ. ಒಮ್ಮೆ ಹೊಂದಿಸಿದ ಕಾಲ ಹಾಗೆಯೇ ನಿಲ್ಲುತ್ತದೆ. ಅಮೆರಿಕದಲ್ಲಿ 1970ರ ಗಾಳಿಶುದ್ಧಿ ಕಾಯಿದೆ ಬಂದ ಮೇಲೆ ಗಾಡಿ ತಯಾರಕರಿಗೆ ಬೇಕಾದದ್ದೂ ಈ ಸ್ಥಿರತೆಯೇ. ಕಿಡಿ ತಪ್ಪಿದರೆ ಸುಡದ ಪೆಟ್ರೋಲು ಹೊಗೆಕೊಳವೆಯಿಂದ ಹೊರಬೀಳುತ್ತದಷ್ಟೆ. ಕ್ರೈಸ್ಲರ್ ಕಂಪನಿ 1973ರಲ್ಲಿ ಅಲ್ಲಿ ತಯಾರಾದ ತನ್ನ ಎಲ್ಲ ಗಾಡಿಗಳಿಗೂ ಇದನ್ನು ಅಳವಡಿಸಿತು, ಉಳಿದವರು ಹಿಂಬಾಲಿಸಿದರು.

ಇಷ್ಟು ಹೇಳಿದ ಮೇಲೆ ಮಾರಾಟಗಾರರ ಒಂದು ಮಾತನ್ನು ತಡೆದು ವಿಚಾರಿಸಬೇಕಾಗಿದೆ. ಈ ಸಾಧನವನ್ನು ಕೂರಿಸಿದರೆ ಕಿಡಿಗೆ ಬಲ ಬರುತ್ತದೆ, ಗಾಡಿಗೆ ಹೊಸ ಯೌವನ ಬರುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಕಾಯಿಲ್ಲಿನ ದಪ್ಪ ಸುತ್ತಿನ ರೋಧ ಸುಮಾರು 3 ಓಮ್. 12 ವೋಲ್ಟಿಗೆ ಅದರಲ್ಲಿ ಹೆಚ್ಚೆಂದರೆ 4 ಆಂಪೇರ್ ಹರಿಯಬಹುದು. ಆದರೆ ಪ್ರವಾಹ ಒಮ್ಮೆಲೇ ಏರುವುದಿಲ್ಲ. ಪೂರ್ಣ ಬೆಲೆಯ ಮೂರರಲ್ಲಿ ಎರಡು ಪಾಲನ್ನು ಮುಟ್ಟಲು ಸುಮಾರು 3 ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 3,000 ಸುತ್ತುಗಳಲ್ಲಿ ಎರಡು ಕಿಡಿಗಳ ನಡುವೆ 10 ಮಿಲಿಸೆಕೆಂಡು. ಅದರಲ್ಲಿ ಪಾಯಿಂಟು ಮುಚ್ಚಿರುವುದು ಆರೇಳು ಮಿಲಿಸೆಕೆಂಡು. ಪ್ರವಾಹ ಅಷ್ಟರಲ್ಲಿ 3.6 ಆಂಪೇರಿನಷ್ಟು ಏರಿಬಿಡುತ್ತದೆ. 6,000 ಸುತ್ತುಗಳಲ್ಲಾದರೆ 2.7 ಆಂಪೇರ್ ಮಾತ್ರ. ಕಾಯಿಲ್ಲಿನಲ್ಲಿ ಕೂಡುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, 3,000 ಸುತ್ತುಗಳಲ್ಲಿದ್ದ ಶಕ್ತಿಯ ಅರ್ಧಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಅತಿವೇಗದ ಎಂಜಿನುಗಳಿಗೆ ಇದು ನಿಜವಾದ ತೊಂದರೆ. ಆದರೆ 1489 ಘನ ಸೆಂಟಿಮೀಟರಿನ ಅಂಬಾಸಡರ್ ಎಂಜಿನು 6,000ದ ಹತ್ತಿರವೂ ಸುಳಿಯುವುದಲ್ಲ! ಮೇಲಾಗಿ, ಹಳೆಯ ಕಾಯಿಲ್ಲನ್ನೇ ಉಳಿಸಿಕೊಂಡು ಪಾಯಿಂಟುಗಳನ್ನಷ್ಟೇ ಬದಲಿಸಿದರೆ ಬದಲಾದದ್ದು ಸ್ವಿಚ್ಚು ಮಾತ್ರ. ಟ್ರಾನ್ಸಿಸ್ಟರು ತನ್ನ ಪಾಲಿಗೆ ಸುಮಾರು ಒಂದು ವೋಲ್ಟನ್ನು ನುಂಗಿಕೊಳ್ಳುವುದರಿಂದ, ಹೊಸದಾಗಿ ಹೊಂದಿಸಿದ ಒಳ್ಳೆಯ ಪಾಯಿಂಟಿಗಿಂತ ಕಿಡಿ ಕೂದಲೆಳೆಯಷ್ಟು ದುರ್ಬಲವಾದರೂ ಆಶ್ಚರ್ಯವಿಲ್ಲ. ಮಾಲೀಕರಿಗೆ ಗಾಡಿ ಹಗುರಾಗಿ ಓಡಿತೆಂದು ತೋರುವುದೇಕೆ? ಅವರು ಹೋಲಿಸುತ್ತಿರುವುದು ಹೊಸ ಸಾಧನವನ್ನು ಸವೆದ ಪಾಯಿಂಟಿನೊಡನೆ.

ಇನ್ನೊಂದು ಮಾತು. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚಿತವಾಗಿ ಎಬ್ಬಿಸಲು ಡಿಸ್ಟ್ರಿಬ್ಯೂಟರಿನ ತಳದಲ್ಲಿ ತೂಕದ ತುಂಡುಗಳೂ ಸ್ಪ್ರಿಂಗುಗಳೂ ಇವೆ. ಹೊಸ ಸಾಧನ ಇವನ್ನು ಮುಟ್ಟುವುದಿಲ್ಲ. ಅವು ತುಕ್ಕು ಹಿಡಿದು ಕುಳಿತಿದ್ದರೆ ಎಷ್ಟು ಹಣ ಸುರಿದರೂ ಕಿಡಿ ತಪ್ಪಾದ ಕ್ಷಣದಲ್ಲೇ ಹಾರುತ್ತದೆ. ರೋಗವನ್ನು ಗುರುತಿಸದೆ ಔಷಧ ಕುಡಿಸುವ ಈ ಅಭ್ಯಾಸ ನಮಗೆ ಒಪ್ಪಿಗೆಯಾಗದು.

ಎದುರಾಳಿಗಳ ಪ್ರಬಲವಾದ ವಾದ ಶುದ್ಧತೆಯದಲ್ಲ, ದಾರಿಯಲ್ಲಿ ಕೈಕೊಡುವ ರೀತಿಯದು. ಪಾಯಿಂಟು ಸಾಯುವ ಮುನ್ನ ಸೂಚನೆ ಕೊಡುತ್ತದೆ: ಎಂಜಿನು ಮುಗ್ಗರಿಸುತ್ತದೆ, ಬೆಳಗ್ಗೆ ಬೇಗನೆ ಎಚ್ಚರಗೊಳ್ಳುವುದಿಲ್ಲ. ಹಲವು ವರ್ಷಗಳ ಹಿಂದೆ ಆಗುಂಬೆಯ ಘಟ್ಟದಲ್ಲಿ, ಸುರಿಯುವ ಮಳೆಯಲ್ಲಿ, ನಾವು ಕುಳಿತಿದ್ದ ಬಾಡಿಗೆಯ ಅಂಬಾಸಡರ್ ನಿಂತುಹೋಯಿತು. ಚಾಲಕರು ಬಾನೆಟ್ಟು ಎತ್ತಿ, ಮುಚ್ಚಳದೊಳಗಿನ ತೇವವನ್ನು ಪಂಚೆಯ ಅಂಚಿನಿಂದ ಒರಸಿ, ಬೆಂಕಿಪೆಟ್ಟಿಗೆಯ ಮದ್ದಿನ ಪಟ್ಟಿಯನ್ನು ಹರಿದು ಮಡಚಿ ಪಾಯಿಂಟುಗಳ ನಡುವೆ ಎರಡು ಸಲ ಎಳೆದರು. “ಹತ್ತಿ ಕೂತ್ಕೊಳ್ಳಿ ಸ್ವಾಮಿ” ಎಂದರು. ಗಾಡಿ ಹೊರಟಿತು. ತಯಾರಕರ ಕೈಪಿಡಿ ಬರೆದವರು ಆ ಚಿಕಿತ್ಸೆಯನ್ನು ಕಂಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರು, ನಿಜ. ಆದರೆ ಕೈಪಿಡಿ ಬರೆದವರು ಆ ಮಳೆಯಲ್ಲಿ ನಮ್ಮೊಡನೆ ಇರಲಿಲ್ಲ. ಎಲೆಕ್ಟ್ರಾನಿಕ್ ಸಾಧನ ಕೆಡುವುದು ಬಹಳ ಅಪರೂಪ. ಕೆಟ್ಟರೆ ಹೆಚ್ಚಾಗಿ ಒಮ್ಮೆಲೇ ಕೆಡುತ್ತದೆ, ಮತ್ತು ಬೆಂಕಿಪೆಟ್ಟಿಗೆಯಿಂದ ಅದಕ್ಕೆ ಯಾವ ಪ್ರಯೋಜನವೂ ಇಲ್ಲ.

ಈ ಎರಡು ಬಗೆಯ ಅಪಾಯಗಳಲ್ಲಿ ಯಾವುದು ದೊಡ್ಡದೆಂಬುದು ಗಾಡಿ ಎಷ್ಟು ದೂರ ಓಡುತ್ತದೆಂಬುದನ್ನು ಅವಲಂಬಿಸಿದೆ. ಅಂಬಾಸಡರ್ 1957ರಿಂದ 2014ರವರೆಗೆ ತಯಾರಾದ ಗಾಡಿ. ಅವುಗಳಲ್ಲಿ ಕೆಲವನ್ನಾದರೂ ಮನೆಮಂದಿ ಈಗಲೂ ದಿನಬಳಕೆಗೆ ಇಟ್ಟುಕೊಂಡಿದ್ದಾರೆ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರು ಓಡುವ ಇಂಥ ಗಾಡಿಯ ಪಾಯಿಂಟನ್ನು ಐದು ಸಾವಿರಕ್ಕೊಮ್ಮೆಯಾದರೂ ನೋಡಬೇಕು. ಫೀಲರ್ ಗೇಜು ಹಿಡಿದು ಅಂತರ ಹೊಂದಿಸಬಲ್ಲ ಕೈಗಳು ಗ್ಯಾರೇಜುಗಳಲ್ಲಿ ವರ್ಷ ವರ್ಷಕ್ಕೂ ಕಡಮೆಯಾಗುತ್ತಿವೆ. ಅಂಥ ಗಾಡಿ ರಾತ್ರಿ ಹೆದ್ದಾರಿಯಲ್ಲಿ ನಿಂತರೆ ಒಳಗಿರುವವರ ಜೀವಕ್ಕೇ ಅಪಾಯ. ಅದಕ್ಕೆ ಹೊಸ ಸಾಧನ ಕೂರಿಸುವುದನ್ನು ತಪ್ಪೆನ್ನುವವರ ಮಾತು ನಮಗೆ ಹಿಡಿಸುವುದಿಲ್ಲ.

ನಿಜವಾದ ಪುರಾತನ ಗಾಡಿಯ ಸಂಗತಿ ಬೇರೆ. ಭಾರತ ಸರ್ಕಾರ 2021ರಲ್ಲಿ ಮಾಡಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಚಾಸಿ, ಒಡಲು, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವಕ್ಕೆ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ವರ್ಷಕ್ಕೆ ಐನೂರು ಕಿಲೋಮೀಟರು ಓಡಿದರೆ ಹೆಚ್ಚು. ಪಾಯಿಂಟು ಸವೆಯುವ ಪ್ರಶ್ನೆಯೇ ಇಲ್ಲ. ನಿಂತಲ್ಲೇ ನಿಂತು ಬಿಲ್ಲೆಗಳ ಮೇಲೆ ಪೊರೆ ಕಟ್ಟಬಹುದು, ಕರಾವಳಿಯ ಹವೆಯಲ್ಲಿ ಬೇಗನೆ ಕಟ್ಟಬಹುದು. ಹೊರಡುವ ಮುನ್ನ ಹತ್ತು ನಿಮಿಷದ ಶುಚಿ ಸಾಕು. ಧರ್ಮಸ್ಥಳದಂತಹ ಕಡೆ ಹಳೆಯ ಗಾಡಿಗಳ ಸಂಗ್ರಹವನ್ನು ನೋಡಲು ಬರುವ ಹುಡುಗನೊಬ್ಬ ಮುಚ್ಚಳ ತೆರೆದು ತೋರಿಸಿರೆಂದು ಕೇಳಿದರೆ, ಅವನ ಕಣ್ಣಿಗೆ ಬೀಳಬೇಕಾದದ್ದು ಕಪ್ಪು ಪ್ಲಾಸ್ಟಿಕ್ಕಿನ ತುಂಡಲ್ಲ. ಪಾಯಿಂಟು ತಾನು ಮಾಡುವ ಕೆಲಸವನ್ನು ಬಯಲಲ್ಲೇ ಮಾಡಿ ತೋರಿಸುವ ಸಾಧನ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಗೆ ಗುಜರಿಯಿಂದ ಒಂದು ಹಳೆಯ ಡಿಸ್ಟ್ರಿಬ್ಯೂಟರನ್ನು ತಂದಿಟ್ಟರೂ ಸಾರ್ಥಕವೆಂದು ನಾವು ಭಾವಿಸುತ್ತೇವೆ.

ಬದಲಾಯಿಸಲು ಹೊರಟವರಿಗೆ ಕೆಲವು ಎಚ್ಚರಿಕೆಗಳು. 1950ರ ದಶಕದ ಅನೇಕ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಧನತುದಿಯನ್ನು ಗಾಡಿಯ ಮೈಗೆ ಜೋಡಿಸಿರುತ್ತಾರೆ; ಋಣತುದಿಯ ಜೋಡಣೆಗೆಂದು ಮಾಡಿದ ಸಾಧನವನ್ನು ಅಲ್ಲಿ ಕೂರಿಸಿದರೆ ಅದು ಸುಟ್ಟುಹೋಗಬಹುದು. ಕೆಲವು ಹಳೆಯ ಗಾಡಿಗಳು 6 ವೋಲ್ಟಿನವು. ಸಾಧನಕ್ಕೆ ಒಪ್ಪುವಷ್ಟು ರೋಧವುಳ್ಳ ಕಾಯಿಲ್ಲನ್ನೇ ಬಳಸಬೇಕು. ಎಂಜಿನು ನಿಂತಿರುವಾಗ ಕೀಲಿಯನ್ನು ತಿರುಗಿಸಿಟ್ಟು ರೇಡಿಯೊ ಕೇಳುತ್ತ ಕೂರಬಾರದು. ಹಲವು ಸಾಧನಗಳಲ್ಲಿ ಆಗ ಪ್ರವಾಹ ಸುಮ್ಮನೆ ಹರಿದು ಕಾಯಿಲ್ಲೂ ಟ್ರಾನ್ಸಿಸ್ಟರೂ ಕಾಯುತ್ತವೆ. ಒಡಲಿನಲ್ಲಿ ಹೊಸ ತೂತು ಕೊರೆಯುವಂತಿದ್ದರೆ ಆ ಸಾಧನವೇ ಬೇಡ. ಹಳೆಯ ತಿರುಪಿನ ರಂಧ್ರಗಳಲ್ಲೇ ಕೂರುವುದನ್ನು ಆರಿಸಬೇಕು.

ಕಳಚಿದ ಪಾಯಿಂಟು, ಕಂಡೆನ್ಸರು, ಅವುಗಳ ತಿರುಪುಗಳು ಇವನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಗಾಡಿಯ ಡಿಕ್ಕಿಯಲ್ಲಿಡಬೇಕು. ಹೊಸ ಸಾಧನ ಘಟ್ಟದ ನಡುವೆ ಕೈಕೊಟ್ಟರೆ ಅರ್ಧ ಗಂಟೆಯಲ್ಲಿ ಅವನ್ನು ಮತ್ತೆ ಕೂರಿಸಬಹುದು. ಮತ್ತೆ ಹಾಕುವಾಗ ಬಿಲ್ಲೆಗಳ ಮೇಲಿನ ಎಣ್ಣೆಯನ್ನು ಪೂರ್ತಿ ಒರಸಬೇಕು, 0.38 ಮಿಲಿಮೀಟರಿನ ಫೀಲರ್ ಗೇಜು ಅದೇ ಡಬ್ಬಿಯಲ್ಲಿರಲಿ.