ಮಗಳಿಗೆ ಯಾರು ಹೇಳಿಕೊಡಬೇಕು?

ಫಿತ್ರತ್‌ನ ಐದು ಕಾರ್ಯಗಳು ಯಾವುವೆಂದು ಮದ್ರಸದ ಹೆಣ್ಣುಮಕ್ಕಳನ್ನು ಕೇಳಿದರೆ ತಡವರಿಸದೆ ಒಪ್ಪಿಸುತ್ತಾರೆ: ಸುನ್ನತಿ, ಗುಹ್ಯಭಾಗದ ರೋಮ ತೆಗೆಯುವುದು, ಮೀಸೆ ಕತ್ತರಿಸುವುದು, ಉಗುರು ಕತ್ತರಿಸುವುದು, ಕಂಕುಳ ರೋಮ ಕೀಳುವುದು. ಹ. ಅಬೂಹುರೈರಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಆದರೆ ಎರಡನೆಯ ಕಾರ್ಯವನ್ನು ಎಂದು, ಹೇಗೆ ಆರಂಭಿಸಬೇಕೆಂದು ಆ ಮಕ್ಕಳಿಗೆ ಹೇಳುವವರಿಲ್ಲ. ಉಸ್ತಾದರು ಆ ಪದವನ್ನು ಅರಬಿಯಲ್ಲೇ ದಾಟಿಸಿಬಿಡುತ್ತಾರೆ. ಮದ್ರಸದಲ್ಲಿ ಕಲಿತಿರಬೇಕು ಎಂದು ತಾಯಿ ಭಾವಿಸುತ್ತಾಳೆ. ಈ ಎರಡು ಮೌನಗಳ ನಡುವೆ ಸಿಲುಕಿದ ಬಾಲಕಿ ಒಂದು ದಿನ ತಂದೆಯ ರೇಜರನ್ನು ಮರೆಯಲ್ಲಿ ಎತ್ತಿಕೊಂಡು ಸ್ನಾನಗೃಹದ ಬಾಗಿಲು ಹಾಕಿಕೊಳ್ಳುತ್ತಾಳೆ.

ಈ ಮೌನಕ್ಕೆ ನಾವು ಲಜ್ಜೆ ಎಂದು ಹೆಸರಿಟ್ಟಿದ್ದೇವೆ. ಲಜ್ಜೆಯು ಈಮಾನ್‌ನ ಭಾಗವೇ ಹೌದು. ಆದರೆ ಧರ್ಮವನ್ನು ತಿಳಿದುಕೊಳ್ಳಲು ಲಜ್ಜೆಯನ್ನು ಅಡ್ಡಿಯಾಗಿಸಿಕೊಳ್ಳದ ಅನ್ಸಾರೀ ಮಹಿಳೆಯರನ್ನು ಹ. ಆಯಿಶಾ(ರ) ಶ್ಲಾಘಿಸಿದ್ದರು, ಅಲ್ಲಿ ಚರ್ಚೆಯಲ್ಲಿದ್ದುದು ಋತುಸ್ರಾವದ ನಂತರದ ಸ್ನಾನದ ವಿಧಾನ. ಪ್ರವಾದಿವರ್ಯರ(ಸ) ಮುಂದೆಯೇ ಕೇಳಬಹುದಾದ ಇಂತಹ ಪ್ರಶ್ನೆಯನ್ನು ಮಗಳು ತಾಯಿಯ ಮುಂದೆ ಕೇಳಲಾಗದಿದ್ದರೆ ಆ ಮನೆಯಲ್ಲಿರುವುದು ಲಜ್ಜೆಯಲ್ಲ, ಅಂಜಿಕೆ.

ಹೆಣ್ಣುಮಕ್ಕಳ ದೇಹದಲ್ಲಿ ಪ್ರೌಢಾವಸ್ಥೆಯ ಬದಲಾವಣೆಗಳು ಸಾಮಾನ್ಯವಾಗಿ 8ರಿಂದ 13 ವರ್ಷಗಳೊಳಗೆ ಆರಂಭವಾಗುತ್ತವೆ. ರೋಮ ಮೂಡುವುದು ಹೆಚ್ಚಿನವರಲ್ಲಿ ಮೊದಲ ಋತುಸ್ರಾವಕ್ಕಿಂತ ಮುಂಚೆಯೇ. ಆದುದರಿಂದ ಮುಟ್ಟು ಬಂದ ಮೇಲೆ ಹೇಳಿದರಾಯಿತು ಎನ್ನುವ ತಾಯಿ ತಡಮಾಡಿರುತ್ತಾಳೆ. ಹಾಗೆಂದು ಅವಸರವೂ ಬೇಡ. ಇದು ಸುನ್ನತ್, ಪ್ರಾಯಕ್ಕೆ ಬರದ ಮಗುವಿನ ಮೇಲೆ ಬಾಧ್ಯತೆಯಿಲ್ಲ. 40 ದಿನಗಳನ್ನು ಮೀರಬಾರದೆಂದು ಹ. ಅನಸ್(ರ) ಅವರ ವರದಿಯಲ್ಲಿರುವುದು ಗರಿಷ್ಠ ಅವಧಿ, ವಾರವಾರವೂ ಮಾಡಲೇಬೇಕೆಂಬ ಕಟ್ಟಳೆಯಲ್ಲ.

ಕೈಕಾಲುಗಳ ರೋಮದ ವಿಷಯ ಬೇರೆ. ಅದನ್ನು ತೆಗೆಯಬೇಕೆಂಬ ಆಜ್ಞೆಯೂ ಇಲ್ಲ, ತೆಗೆಯಬಾರದೆಂಬ ನಿಷೇಧವೂ ಇಲ್ಲ. ಹೆಚ್ಚಿನ ವಿದ್ವಾಂಸರು ಸ್ತ್ರೀಯರಿಗೆ ಅನುಮತಿಸುತ್ತಾರೆ. ಹದೀಸ್ ಸ್ಪಷ್ಟವಾಗಿ ತಡೆದಿರುವುದು ಹುಬ್ಬು ಕೀಳುವುದನ್ನು. ನನ್ನ ಅಭಿಪ್ರಾಯವಿಷ್ಟೆ: ಶಾಲೆಯಲ್ಲಿ ಗೆಳತಿಯರು ಹಾಸ್ಯ ಮಾಡಿದರೆಂದು ಮಗಳು ಅತ್ತರೆ ಗದರಿಸದೆ ನೆರವಾಗಿರಿ. ಅವಳು ಕೇಳದಿದ್ದರೆ ನೀವಾಗಿ ಅವಳ ಕಾಲನ್ನು ನೋಡಿ ಮುಖ ಸಿಂಡರಿಸಬೇಡಿರಿ. ಆ ರೋಮದಿಂದ ವುಝೂವಿಗೇನೂ ಕುಂದಿಲ್ಲ. ಅದನ್ನು ಕೊಳಕೆಂದು ಸಾರುವುದು ಕ್ರೀಮ್ ಮಾರುವವರ ಜಾಹೀರಾತು. ಅದನ್ನು ತಾಯಿಯ ಬಾಯಿಂದಲೂ ಕೇಳುವ ಗತಿ ಮಗುವಿಗೆ ಬರಬಾರದು.

ಹೇಳಿಕೊಡುವ ಕ್ರಮದಲ್ಲೂ ಅದಬ್ ಇದೆ. ಸ್ತ್ರೀಯರ ನಡುವೆಯೂ ಹೊಕ್ಕುಳಿನಿಂದ ಮೊಣಕಾಲಿನವರೆಗೆ ಔರತ್ ಆಗಿರುವುದರಿಂದ ತಾಯಿ ತನ್ನ ಮುಂಗೈಯ ಮೇಲೆಯೇ ತೋರಿಸಿಕೊಟ್ಟು ಹೊರಬರಬೇಕು. ಉಳಿದದ್ದು ಮಾತಿನಲ್ಲಿ ಸಾಕು. ಸ್ನಾನದ ಕೊನೆಯಲ್ಲಿ, ಬೆಚ್ಚನೆಯ ನೀರಿನಿಂದ ಚರ್ಮ ಮೆದುವಾದ ಮೇಲೆ ಸಾಬೂನಿನ ನೊರೆ ಹಚ್ಚಿ, ರೋಮ ಬೆಳೆದ ದಿಕ್ಕಿನಲ್ಲೇ ಹಗುರವಾಗಿ ಎಳೆಯಬೇಕು. ಒಣ ಚರ್ಮದ ಮೇಲೆ, ಗಾಯ ಅಥವಾ ಗುಳ್ಳೆಯ ಮೇಲೆ ಬ್ಲೇಡ್ ಆಡಿಸಬಾರದು. ಗುಹ್ಯಭಾಗಕ್ಕೆ ರೋಮನಾಶಕ ಕ್ರೀಮ್ ಬೇಡ, ಉರಿಯುತ್ತದೆ. ಮೊದಮೊದಲು ಬ್ಲೇಡಿಗಿಂತ ಟ್ರಿಮ್ಮರ್ ಕ್ಷೇಮ. ಕತ್ತರಿಸಿ ಗಿಡ್ಡಗೊಳಿಸಿದರೂ ಸಾಲುತ್ತದೆ. ಮತ್ತೆ ಬೆಳೆಯುವಾಗ ತುಸು ತುರಿಸುವುದು ಸಹಜವೆಂದು ಮೊದಲೇ ತಿಳಿಸಿರಬೇಕು. ಬೋಳಿಸಿದರೆ ರೋಮ ದಪ್ಪವಾಗುತ್ತದೆಂಬ ಅಜ್ಜಿಯರ ಮಾತು ನಿಜವಲ್ಲ. ತುದಿ ಮೊಂಡಾಗಿರುವುದರಿಂದ ಹಾಗೆ ತೋರುತ್ತದೆ, ಅಷ್ಟೆ.

ಕಂಕುಳ ರೋಮವನ್ನು ಕೀಳಲೇಬೇಕೇ ಎಂದು ನೋವಿಗೆ ಹೆದರುವ ಹುಡುಗಿಯರು ಕೇಳುವುದುಂಟು. ಕೀಳುವುದೇ ಸುನ್ನತ್ ಎಂದು ಬಲ್ಲ ಇಮಾಮ್ ಶಾಫಿಈ(ರಹ) ಅವರೇ ನೋವು ತಾಳಲಾಗದೆ ಬೋಳಿಸಿಕೊಳ್ಳುತ್ತಿದ್ದುದನ್ನು ಇಮಾಮ್ ನವವಿ(ರಹ) ದಾಖಲಿಸಿದ್ದಾರೆ. ನಮ್ಮ ಕರಾವಳಿಯ ಶಾಫಿಈ ಮನೆಗಳಲ್ಲಿ ಈ ಸಂಗತಿ ಇನ್ನಷ್ಟು ಪರಿಚಿತವಾಗಬೇಕಿತ್ತು.

ಮಗಳಿಗೆ ಅವಳದೇ ರೇಜರ್ ಇರಲಿ, ಅಕ್ಕನದೂ ತಾಯಿಯದೂ ಬೇಡ, ಮೊಂಡಾದೊಡನೆ ಬದಲಿಸಲಿ. ಇನ್ನು ತಂದೆಯ ಪಾಲಿನದು ಸಣ್ಣ ಕೆಲಸ: ತಿಂಗಳ ಸಾಮಾನಿನ ಪಟ್ಟಿಯಲ್ಲಿ ಹೊಸದಾಗಿ ಅದೊಂದು ಸೇರಿಕೊಂಡರೆ ಯಾರಿಗೆಂದು ಕೇಳದೆ ತಂದುಕೊಡುವುದು.